ಸೋಸುಮನೆಯ ಕೆಮ್ಮು

ಇಸ್ತಾಂಬುಲ್
6 ಮಾರ್ಚ್ 2018

ರಫೆತ್ ಅಣ್ಣನಿಗೆ,

ಐವತ್ತು ವರ್ಷ ಕಳೆದ ಮೇಲೆ ಕಾಗದ ಬರೆಯುತ್ತಿರುವ ಈ ಹೆಂಗಸು ಯಾರೆಂದು ತಲೆ ಕೆರೆದುಕೊಳ್ಳಬೇಡಿ. ನಾನು ಸಬಾಹತ್. ಕೊಮುರ್ಜು ಬೀದಿಯ ಕೊನೆಯ ಮನೆ, ಗ್ಯಾಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟ ಮನೆ, ದರ್ಜಿ ನೆಜಾತಿಯ ಹೆಂಡತಿ. ಸೆವಿಮ್‌ಳ ತಾಯಿ ಎಂದರೆ ಬೇಗ ನೆನಪಾದೀತು.

ನಿಮ್ಮ ವಿಳಾಸ ಕೊಟ್ಟದ್ದು ಇಪೆಕ್ ಎಂಬ ಹುಡುಗಿ. ಕಾರ್ಖಾನೆಯನ್ನು ಸರಿಪಡಿಸಲು ನಗರಸಭೆಯವರು ಕಳಿಸಿದ ಆರ್ಕಿಟೆಕ್ಟ್. ಪಿಂಚಣಿ ಕಚೇರಿಯಲ್ಲಿ ಹುಡುಕಿ ನಂಬರನ್ನೂ ತಂದಳು. ಫೋನ್ ಮಾಡಿದರೆ ನಿಮ್ಮ ಸೊಸೆ ಎತ್ತಿ, "ಮಾವನಿಗೆ ಏನೂ ಕೇಳ್ಸಲ್ಲಮ್ಮಾ. ಕಲ್ಲಿದ್ದಲು ತೊಳೆಯೋ ಮಿಷನ್ ಮುಂದೆ ಮೂವತ್ತು ವರ್ಷ ನಿಂತು ಎರಡು ಕಿವೀನೂ ಹೋಗಿದೆ. ಕಾಗದ ಬರೀರಿ, ಮೂರು ಮೂರು ಸಲ ಓದ್ತಾರೆ" ಎಂದಳು. ಮೂರು ಸಲ ಓದುವಷ್ಟು ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ. ಒಂದು ಸಲ ಓದಿದರೆ ಸಾಕು.

ಇಲ್ಲಿನ ಸುದ್ದಿ ನಿಮಗೆ ಗೊತ್ತೋ ಇಲ್ಲವೋ. ತೊಂಬತ್ತಮೂರರಲ್ಲಿ, ಕಲ್ಲಿದ್ದಲು ಕಾಯಿಸಿ ಗ್ಯಾಸು ತೆಗೆಯುತ್ತಿದ್ದ ಕುಲುಮೆ ಆರಿಸಿದರು. ಆಮೇಲೆ ಇಪ್ಪತ್ತೈದು ವರ್ಷ ಅಲ್ಲಿ ಬೆಕ್ಕುಗಳು, ತುಕ್ಕು, ಗಾಲಿಯಿಲ್ಲದ ಬಸ್ಸುಗಳು. ಎಲ್ಲ ಕೆಡವಿ ಅಂಗಡಿಗಳ ದೊಡ್ಡ ಕಟ್ಟಡ ಎಬ್ಬಿಸುತ್ತೇವೆಂದು ಬಂದವರನ್ನು ಬೀದಿಯ ಹೆಂಗಸರು ಗೇಟಿನಲ್ಲೇ ತಡೆದೆವು. ನಾನು ಕೈಯಲ್ಲಿ ಲಟ್ಟಣಿಗೆ ಹಿಡಿದು ನಿಂತ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಈಗ ಏನನ್ನೂ ಕೆಡವದೆ ರಿಪೇರಿ ಮಾಡುತ್ತಿದ್ದಾರೆ. ಕುಲುಮೆಮನೆ ನಾಟಕಶಾಲೆಯಾಗುತ್ತದೆ. ಗ್ಯಾಸ್ ಟ್ಯಾಂಕಿನ ಕಬ್ಬಿಣದ ಚೌಕಟ್ಟು ಹಾಗೇ ನಿಲ್ಲುತ್ತದೆ. ನೀವು ಗ್ಯಾಸು ಸೋಸುವ ಕೆಲಸ ಮಾಡುತ್ತಿದ್ದ ಸೋಸುಮನೆ ಮಕ್ಕಳ ಗ್ರಂಥಾಲಯವಾಗುತ್ತದೆ.

ಇಪೆಕ್ ಬೀದಿಯ ಮುದುಕಿಯರನ್ನೆಲ್ಲ ಕೂರಿಸಿಕೊಂಡು ಹಳೆಯ ಕಥೆ ಕೇಳಿದಳು. ನಾಯಿಕೆಮ್ಮು ಬಂದ ಮಕ್ಕಳನ್ನು ಗ್ಯಾಸ್ ಕಾರ್ಖಾನೆಗೆ ಹೊತ್ತುಕೊಂಡು ಹೋಗುತ್ತಿದ್ದೆವು, ಆ ವಾಸನೆ ಕುಡಿಸುತ್ತಿದ್ದೆವು ಎಂದರೆ ಹುಡುಗಿ ಪೆನ್ನು ಕೆಳಗಿಟ್ಟುಬಿಟ್ಟಳು. "ನಿಜವಾಗ್ಲೂನಾ ಚಿಕ್ಕಮ್ಮಾ? ಡಾಕ್ಟ್ರು ಏನೂ ಅಂತಿರ್ಲಿಲ್ವಾ?" "ಡಾಕ್ಟ್ರೇ ಕಳಿಸ್ತಿದ್ರು ಕಣೇ" ಎಂದೆ. ಮೂರು ಬೆಳಿಗ್ಗೆ, ಟಾರಿನ ಗುಡ್ಡೆಗೆ ಏಳೇಳು ಸುತ್ತು. ಒಳಗೆ ಬಿಡುವುದೂ ಬಿಡದಿರುವುದೂ ಗೇಟಿನವನ ಮರ್ಜಿ. ಆಗ ನಾನು ನಿಮ್ಮ ಹೆಸರು ಹೇಳಿದೆ. ಗೇಟು ಮುಚ್ಚಿದ ದಿನವೂ ನಮ್ಮನ್ನು ಒಳಗೆ ಬಿಟ್ಟವರು ರಫೆತ್ ಉಸ್ತಾ, ಮಗು ಹೋದಾಗ ಆ ಪುಟ್ಟ ಪೆಟ್ಟಿಗೆಗೆ ಹೆಗಲು ಕೊಟ್ಟವರು ರಫೆತ್ ಉಸ್ತಾ, ಎರಡು ಚಳಿಗಾಲ ನಮ್ಮ ಹೊಸ್ತಿಲಿಗೆ ಕೋಕ್ ಇದ್ದಲಿನ ಮೂಟೆ ಇಟ್ಟು ಹೆಸರು ಹೇಳದೆ ಹೋದವರೂ ಅವರೇ ಎಂದೆ. ಹುಡುಗಿ ಕಣ್ಣೊರೆಸಿಕೊಂಡಳು. ಗ್ರಂಥಾಲಯಕ್ಕೆ ನಿಮ್ಮ ಹೆಸರಿಡುವುದೆಂದು ಕಮಿಟಿಯಲ್ಲಿ ಒಪ್ಪಿಸಿದ್ದಾಳೆ. ನೀವು ಬಂದು ನಾಲ್ಕು ಮಾತು ಹೇಳಿ, ಒಂದು ಫೋಟೋಕ್ಕೆ ನಿಲ್ಲಬೇಕು, ಅಷ್ಟೇ.

ಇನ್ನೊಂದು ಮಾತು. ಹಳೆಯ ಮಣ್ಣನ್ನು ಅಗೆದು ಲಾರಿಯಲ್ಲಿ ಸಾಗಿಸುತ್ತಿದ್ದಾರೆ. ಅಗೆಯಲು ಶುರು ಮಾಡಿದಾಗಿನಿಂದ ಆ ವಾಸನೆ ಮತ್ತೆ ಬರುತ್ತಿದೆ. ಜೊತೆಗೆ ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತು ಎಲ್ಲ ಸದ್ದು ನಿಂತಾಗ ಸೋಸುಮನೆಯ ಕಡೆಯಿಂದ ಕೆಮ್ಮು ಕೇಳಿಸುತ್ತದೆ. ಪಕ್ಕದ ಮನೆಯವಳಿಗೆ ಹೇಳಿದರೆ, ನಿನಗೆ ಹೊಟ್ಟೆಗೆ ಸಾಲದೆ ಹೀಗಾಗುತ್ತಿದೆ ಎಂದು ಗಸಗಸೆ ಬನ್ನು ಮಾಡಿ ತಂದಳು. ನನ್ನ ಮನೆಗೆ ಗಸಗಸೆ ತರಬೇಡವೆಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೋ. ಬೆಕ್ಕಿಗೆ ಹಾಕಿದೆ.

ಬರುತ್ತೇನೆಂದು ಬರೆಯಿರಿ.

ಸಬಾಹತ್


ಜೊಂಗುಲ್ದಾಕ್
19 ಮಾರ್ಚ್ 2018

ಸಬಾಹತ್ ತಂಗಿಗೆ,

ಕಾಗದ ತಲುಪಿತು. ಮೂರು ಸಲಕ್ಕಿಂತ ಹೆಚ್ಚೇ ಓದಿದೆ.

ನನ್ನ ಹೆಸರು ಬೇಡ. ನಾನು ಅಲ್ಲಿ ಕೆಲಸ ಮಾಡಿದ್ದು ಏಳೇ ವರ್ಷ. ಇಪ್ಪತ್ತು, ಮೂವತ್ತು ವರ್ಷ ಕುಲುಮೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಹಾಕಿ ಎದೆ ಸುಟ್ಟುಕೊಂಡವರಿದ್ದಾರೆ. ಹಯ್ರಿ ಮೇಸ್ತ್ರಿಯ ಹೆಸರಿಡಲಿ. ಇಲ್ಲವೇ ಇಲ್ಲಿಂದ ಕಲ್ಲಿದ್ದಲು ತುಂಬಿಕೊಂಡು ಹೋಗುತ್ತಿದ್ದ ಹಡಗಿನ ಹೆಸರಾದರೂ ಇಡಲಿ.

ಕೆಲಸದ ವಿಷಯವಾಗಿ ಆ ಹುಡುಗಿಗೆ ಎರಡು ಮಾತು ಹೇಳಿ. ಸೋಸುಮನೆಯ ಕಬ್ಬಿಣದ ಪೆಟ್ಟಿಗೆಗಳ ಕೆಳಗೆ ಇಟ್ಟಿಗೆಯ ಕಾಲುವೆ ಇದೆ. ಅದು ಯಾವ ನಕ್ಷೆಯಲ್ಲೂ ಇರಲಿಕ್ಕಿಲ್ಲ. ಅದರ ಎರಡೂ ಬಾಯಿ ತೆರೆದು, ಗಾಳಿ ಆಡಿಸಿ, ತಜ್ಞರನ್ನು ಕರೆಸಿ ಅಳೆಸಲಿ. ಅದಾಗುವವರೆಗೆ ಒಂದೇ ಒಂದು ಮಗುವೂ ಆ ಮನೆಯೊಳಗೆ ಕಾಲಿಡಬಾರದು. ಇದನ್ನು ನಾನು ಹೇಳಿದೆನೆಂದು ಗಟ್ಟಿಯಾಗಿ ಹೇಳಿ. ಕೆಮ್ಮು ಕೇಳಿಸುತ್ತದೆ ಎಂದಿರಿ. ಕಾಲುವೆಯೊಳಗೆ ಗಾಳಿ ನುಗ್ಗಿದರೆ ಹಾಗೆ ಸದ್ದಾಗುತ್ತದೆ. ನೀವು ಅಲ್ಲಿ ಹೋಗಿ ಕೂರಬೇಡಿ.

ನನ್ನ ಕಿವಿ ಪೂರ್ತಿ ಹೋಗಿದೆ. ಮಸೀದಿಯ ಕೂಗು ಕೇಳಿಸುವುದಿಲ್ಲ, ಮೊಮ್ಮಗಳು ಅತ್ತರೆ ಕೇಳಿಸುವುದಿಲ್ಲ. ಆದರೆ ಕೆಲವು ಸದ್ದಿಗೆ ಕಿವಿ ಬೇಕಾಗಿಲ್ಲ.

ಮಗ ಬೆಕಿರ್ ಹತ್ತು ವರ್ಷದ ಹಿಂದೆ ನನ್ನ ಹೆಸರನ್ನು ಹಜ್ ಚೀಟಿಗೆ ಹಾಕಿದ್ದ. ಈ ವರ್ಷ ಬಂತು. ಜುಲೈ ಕೊನೆಗೆ ಹೊರಡಬೇಕು. ಹೋಗುವ ಮುನ್ನ ಗುರುತಿನವರನ್ನೆಲ್ಲ ಕೇಳಿ ಹಕ್ಕು ಬಿಡಿಸಿಕೊಂಡು ಹೋಗಬೇಕಲ್ಲ. ಬೀದಿಯವರ ಮುಂದೆ, ಕೆಲಸದವರ ಮುಂದೆ ಕೇಳಿ ಆಯಿತು. ನಿಮ್ಮ ಹಕ್ಕು ನನ್ನ ಮೇಲೆ ಏನಾದರೂ ಇದ್ದರೆ ಹಲಾಲ್ ಎಂದು ಬಿಟ್ಟುಕೊಡಿ.

ರಫೆತ್


ಇಸ್ತಾಂಬುಲ್
2 ಏಪ್ರಿಲ್ 2018

ರಫೆತ್ ಅಣ್ಣನಿಗೆ,

ಅಯ್ಯೋ, ಇದೇನು ಕೇಳಿದಿರಿ! ಹಲಾಲ್, ಹಲಾಲ್, ನೂರು ಸಲ ಹಲಾಲ್! ನಿಮ್ಮ ಮೇಲೆ ನನಗೆ ಯಾವ ಹಕ್ಕು? ನೀವೇ ನನಗೆ ಹಲಾಲ್ ಮಾಡಬೇಕು, ಆ ಎರಡು ಮೂಟೆ ಇದ್ದಲನ್ನು. ಹಜ್‌ಗೆ ಹೋಗಿ ಬನ್ನಿ, ಅಲ್ಲಿನ ಖರ್ಜೂರ ಮರೆಯದೆ ತನ್ನಿ.

ಹೆಸರು ಬೇಡವೆಂದು ಬರೆದದ್ದನ್ನು ಇಪೆಕ್‌ಗೆ ತೋರಿಸಿದೆ. "ಒಳ್ಳೆಯವರು ಹಿಂಗೇ ಅನ್ನೋದು ಚಿಕ್ಕಮ್ಮಾ, ಅದನ್ನೆಲ್ಲಾ ಕೇಳ್ಬಾರದು" ಎಂದಳು. ಫಲಕದ ಚಿತ್ರ ಬರೆದು ಗೋಡೆಗೆ ಅಂಟಿಸಿಯೂ ಬಿಟ್ಟಿದ್ದಾಳೆ. "ರಫೆತ್ ಉಸ್ತಾ ಮಕ್ಕಳ ಗ್ರಂಥಾಲಯ." ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, "ಕೆಮ್ಮುವ ಮಕ್ಕಳಿಗೆ ಬಾಗಿಲು ತೆರೆದವರು." ನಾನು ಅದರ ಮುಂದೆ ನಿಂತು ಚೆನ್ನಾಗಿ ಅತ್ತೆ. ಕಾಲುವೆಯ ವಿಷಯ ನೀವು ಹೇಳಿದ್ದು ದಿಟ, ನಕ್ಷೆಯಲ್ಲಿರಲಿಲ್ಲ. ಅಗೆದು ತೆರೆದರು. ಮುಖಕ್ಕೆ ಮುಸುಕು ಹಾಕಿದ ಇಬ್ಬರು ಬಂದು ಯಂತ್ರ ಹಿಡಿದು ಅಳೆದು ಹೋದರು, ಈಗ ಎಲ್ಲ ಶುದ್ಧವಂತೆ.

ಆದರೆ ಗಾಳಿಯ ಸದ್ದು ಎಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕಾಲುವೆ ತೆರೆದ ಮೇಲೂ ಕೆಮ್ಮು ನಿಂತಿಲ್ಲ. ಕೆಮ್ಮಿ ಕೆಮ್ಮಿ ಕೊನೆಗೆ ಉಸಿರನ್ನು ಒಳಗೆಳೆದುಕೊಳ್ಳುವ ಆ ಕೂಗು ಇದೆಯಲ್ಲ, ಅದೂ ಇದೆ. ತಾಯಿಗೆ ತಪ್ಪುತ್ತದೆಯೇ ಅದು? ಸೆವಿಮ್‌ಗೆ ನಾಲ್ಕು ವರ್ಷ. ಮೂರು ವಾರ ಆ ಕೂಗು ಕೇಳಿ ಕೇಳಿ ಅವಳ ನಗು ಹೇಗಿತ್ತೆಂದೇ ಮರೆತುಹೋಗಿತ್ತು.

ಆ ಬುಧವಾರ ನಿಮಗೆ ನೆನಪಿದೆಯೋ ಇಲ್ಲವೋ. ಮೂರನೆಯ ಬೆಳಿಗ್ಗೆ ಅದು, ತಪ್ಪಿಸಿದರೆ ಮೊದಲಿನೆರಡೂ ದಂಡ. ಯಾರೋ ಸಾಹೇಬರು ಬರುತ್ತಾರೆಂದು ಗೇಟು ಮುಚ್ಚಿದ್ದರು. ನಾನು ಹಿಂದುಗಡೆ ಕೋಕ್ ಗೇಟಿಗೆ ಓಡಿ ಬಂದೆ. ನೀವಿದ್ದಿರಿ. "ಅಣ್ಣಾ, ನಿಮ್ ಕಾಲಿಗೆ ಬೀಳ್ತೀನಿ, ಇದೊಂದಿನ" ಎಂದೆ. ನೀವು ಆ ಕಡೆ ಈ ಕಡೆ ನೋಡಿ, "ಬಾಮ್ಮಾ, ಬೇಗ ಬಾ" ಎಂದು ಸೋಸುಮನೆಯೊಳಕ್ಕೇ ಕರೆದುಕೊಂಡು ಹೋದಿರಿ. ನನಗಾಗಿ ಕಬ್ಬಿಣದ ಪೆಟ್ಟಿಗೆಯ ಆ ದೊಡ್ಡ ಮುಚ್ಚಳ ಎತ್ತಿದಿರಿ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು. ಮೂರು ವಾರದಲ್ಲಿ ಮೊದಲ ಸಲ ನನ್ನ ಮಗು ಕೆಮ್ಮದೆ ನನ್ನ ಹೆಗಲ ಮೇಲೆ ಮಲಗಿತು. ಆ ಸಂಜೆ ಅವಳು ಹೋದದ್ದು ನಮ್ಮ ಹಣೆಬರಹ. ಆದರೆ ಆ ಒಂದು ನಿದ್ದೆ ನೀವು ಕೊಟ್ಟದ್ದು. ಅದನ್ನು ನಾನು ಮರೆತಿಲ್ಲ.

ಸಬಾಹತ್


ಜೊಂಗುಲ್ದಾಕ್
11 ಏಪ್ರಿಲ್ 2018

ಸಬಾಹತ್ ತಂಗಿಗೆ,

ಆ ಫಲಕ ತೆಗೆಸಿ. ಬೇಡುತ್ತೇನೆ ಎಂದುಕೊಳ್ಳಿ, ಗದರುತ್ತೇನೆ ಎಂದುಕೊಳ್ಳಿ. ಅದು ಗೋಡೆಯ ಮೇಲಿರಬಾರದು.

ಹಲಾಲ್ ಎಂದು ಬರೆದಿರಿ. ಅದನ್ನು ನಾನು ತೆಗೆದುಕೊಳ್ಳುವುದಿಲ್ಲ. ಇಲ್ಲವೆಂದೇ ತಿಳಿಯಿರಿ.

ರಫೆತ್


ಇಸ್ತಾಂಬುಲ್
20 ಏಪ್ರಿಲ್ 2018

ರಫೆತ್ ಬೇ ಅವರಿಗೆ,

ನಿಮ್ಮ ನಾಲ್ಕು ಸಾಲು ತಲುಪಿತು. ಎಪ್ಪತ್ತಾರು ವರ್ಷದ ಹೆಂಗಸು ಕೈಯೆತ್ತಿ ಕೊಟ್ಟದ್ದನ್ನು ಮುಖದ ಮೇಲೆ ಎಸೆಯುವುದು ನಿಮ್ಮ ಊರಿನ ಪದ್ಧತಿಯಿರಬಹುದು, ನಮ್ಮ ಬೀದಿಯಲ್ಲಿಲ್ಲ.

ನನ್ನ ಹಲಾಲ್ ನಿಮಗೆ ಯಾಕೆ ಬೇಡ ಎಂದು ನನಗೆ ಅರ್ಥವಾಗಿದೆ. ನಿಮ್ಮ ಕಿವಿಗೂ ಬಿದ್ದಿರಬೇಕು. ನನ್ನ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ ಮಾತು. ಸಬಾಹತ್‌ಳ ಕೈ ಶುದ್ಧವಲ್ಲ, ಅವಳು ಕೊಟ್ಟದ್ದನ್ನು ಹಜ್‌ಗೆ ಹೊರಟವರು ತೆಗೆದುಕೊಳ್ಳಬಾರದು ಎಂದು ತಾನೇ? ಅದನ್ನೇ ನೇರವಾಗಿ ಬರೆಯಬಹುದಿತ್ತು. ನೀವೊಬ್ಬರಾದರೂ ಅದನ್ನು ನಂಬಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಫಲಕದ ಬಗ್ಗೆ ನೀವೇ ನಗರಸಭೆಗೆ ಬರೆದುಕೊಳ್ಳಿ. ನಿಮ್ಮ ಪ್ರಯಾಣ ಸುಖವಾಗಿರಲಿ.

ಸಬಾಹತ್


ಜೊಂಗುಲ್ದಾಕ್
7 ಮೇ 2018

ಸಬಾಹತ್ ತಂಗಿಗೆ,

ನಿಮ್ಮ ಅತ್ತೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಯಾರೂ ನನಗೆ ಏನೂ ಹೇಳಿಲ್ಲ. ನಿಮ್ಮ ಕೈ ಶುದ್ಧ. ಈ ಕಾಗದವನ್ನು ಕೂತುಕೊಂಡು ಓದಿ, ಮನೆಯಲ್ಲಿ ಯಾರಾದರೂ ಇರುವಾಗ ಓದಿ.

ಆ ಬುಧವಾರ ನನಗೆ ನೆನಪಿದೆ. 1964ರ ಮಾರ್ಚ್ 11.

ಸೋಸುಮನೆಯಲ್ಲಿ ಕೋಣೆಯಷ್ಟು ದೊಡ್ಡ ನಾಲ್ಕು ಪೆಟ್ಟಿಗೆಗಳಿದ್ದವು. ಒಳಗೆ ತುಕ್ಕುಮಣ್ಣು ಹಾಸಿರುತ್ತಿದ್ದೆವು, ಗ್ಯಾಸು ಅದರ ಮೂಲಕ ಹಾದು ಹೋಗಬೇಕು. ಮಣ್ಣು ಬದಲಿಸುವಾಗ ವಾಲ್ವ್ ತಿರುಗಿಸಿ ಗ್ಯಾಸು ನಿಲ್ಲಿಸಿ ಆಮೇಲೆ ಮುಚ್ಚಳ ಎತ್ತಬೇಕು. ನೀವು ಬಂದಾಗ ಮೂರನೆಯ ಪೆಟ್ಟಿಗೆಯ ಸರದಿ ಇತ್ತು. ಅದರ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಅದು ನನಗೆ ಹತ್ತು ದಿನದಿಂದ ಗೊತ್ತಿತ್ತು. ಹಯ್ರಿ ಮೇಸ್ತ್ರಿಗೆ ಹೇಳಿದ್ದೆ. "ಸಾಹೇಬ್ರು ಬಂದ್ಹೋಗ್ಲಿ, ಆಮೇಲ್ ನೋಡ್ಕೊಳ್ಳೋಣ" ಎಂದಿದ್ದ. ನಾವು ಗಂಡಸರು ಮುಚ್ಚಳ ಎತ್ತಿದ ಕೂಡಲೇ ಹೊರಗೆ ಓಡಿ ಬಂದು ಅರ್ಧ ಗಂಟೆ ಬಿಟ್ಟು ಒಳಗೆ ಹೋಗುತ್ತಿದ್ದೆವು.

ಬೇರೆ ತಾಯಂದಿರು ಮಕ್ಕಳನ್ನು ಅಂಗಳದಲ್ಲಿ ಬಯಲಿಗೆ ಸುತ್ತಿಸುತ್ತಿದ್ದರು. ನಿಮ್ಮನ್ನು ಅಂಗಳದಲ್ಲಿ ನಿಲ್ಲಿಸಿದರೆ ಸಾಹೇಬರ ಕಣ್ಣಿಗೆ ಬೀಳುತ್ತೀರೆಂದು ಒಳಗೆ ಕರೆದುಕೊಂಡು ಹೋದೆ. ಮಗುವಿನ ಕೂಗು ಕೇಳಲಾಗಲಿಲ್ಲ. ಒಳಗಿನ ವಾಸನೆ ಗಟ್ಟಿ, ಬೇಗ ಗುಣವಾಗುತ್ತದೆ ಎಂದುಕೊಂಡೆ. ರಾಟೆ ತಿರುಗಿಸಿ ಮುಚ್ಚಳವನ್ನು ಒಂದು ಗೇಣು ಎತ್ತಿದೆ. ಮಗುವಿನ ಮುಖವನ್ನು ಹತ್ತಿರ ಹಿಡಿಯಿರಿ ಎಂದವನು ನಾನೇ. ಬಾಗಿಲು ತೆರೆದಿಡಬೇಕಿತ್ತು, ಯಾರಾದರೂ ನೋಡಿಯಾರೆಂದು ಮುಚ್ಚಿದೆ. "ಇಲ್ಲೇ ಇರಿ, ಈಗ ಬಂದೆ" ಎಂದು ಹೊರಗೆ ಹೋದೆ. ಹಯ್ರಿ ಮೇಸ್ತ್ರಿ ಚಹಾ ಕೊಟ್ಟ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ ಎಂದು ಕುಡಿದೆ. ಕಾಲು ಗಂಟೆ.

ಬಂದಾಗ ನೀವು ಬಾಗಿಲ ಸಂದಿನ ಬಳಿ ಗೋಡೆಗೆ ಒರಗಿ ಕೂತಿದ್ದಿರಿ. ತಲೆ ಸುತ್ತುತ್ತದೆ ಎಂದಿರಿ. ಮಗು ನಿಮ್ಮ ಹೆಗಲ ಮೇಲಿತ್ತು. "ನೋಡಣ್ಣಾ, ಕೆಮ್ಮು ನಿಂತೋಯ್ತು. ಮಲ್ಗಿದಾಳೆ. ಕೆನ್ನೆ ನೋಡು, ಹೆಂಗೆ ಕೆಂಪಗಾಗಿದೆ, ಎಷ್ಟು ದಿನ ಆಗಿತ್ತು" ಎಂದು ನಕ್ಕಿರಿ.

ಕೊಲ್ಲುವ ಗ್ಯಾಸಿಗೆ ವಾಸನೆಯಿಲ್ಲ. ಅದು ಕುಡಿದವರ ಕೆನ್ನೆ ಕೆಂಪಗಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಹೇಳಿಕೊಟ್ಟದ್ದು ಅದನ್ನೇ. ಆ ಕೆನ್ನೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಮಗುವಿನ ಎದೆ ಇನ್ನೂ ಆಡುತ್ತಿತ್ತು. ಬಯಲಿಗೆ ಎತ್ತಿಕೊಂಡು ಓಡಬೇಕಿತ್ತು. ಆಸ್ಪತ್ರೆ ಎರಡು ಬೀದಿಯಾಚೆ ಇತ್ತು. ಕೆಲಸ ಹೋಗುತ್ತದೆ, ಜೈಲಾಗುತ್ತದೆ ಎಂದು ಹೆದರಿದೆ. ನಾನು ನಿಮಗೆ ಹೇಳಿದ ಮಾತು ಹೀಗಿತ್ತು: "ಮಲಗ್ಲಿ ತಾಯಿ. ಎಬ್ಬಿಸ್ಬೇಡಿ."

ನೀವು ನನ್ನ ಕೈಗೆ ಮುತ್ತಿಟ್ಟು ಹೊರಟಿರಿ.

ಮಣ್ಣು ಮಾಡುವ ದಿನ ಪೆಟ್ಟಿಗೆ ಹೊತ್ತುಕೊಂಡು ಬಂದೆ. ಪ್ರಾರ್ಥನೆ ಆದ ಮೇಲೆ ಇಮಾಮರು ಸತ್ತವರ ಮೇಲಿನ ಹಕ್ಕು ಬಿಡುತ್ತೀರಾ ಎಂದು ಮೂರು ಸಲ ಕೇಳುತ್ತಾರಲ್ಲ, ಆಗ ಎಲ್ಲರ ಮುಂದೆ ಬಾಯಿಬಿಡುತ್ತೇನೆ ಎಂದುಕೊಂಡಿದ್ದೆ. ಅವರು ಕೇಳಲೇ ಇಲ್ಲ. ಇಷ್ಟು ಸಣ್ಣ ಮಗುವಿನ ಮೇಲೆ ಯಾರ ಹಕ್ಕೂ ಇರುವುದಿಲ್ಲ, ಕೇಳುವ ಪದ್ಧತಿಯಿಲ್ಲ ಎಂದರು. ನಾನು ಪೆಟ್ಟಿಗೆ ಇಳಿಸಿ ಮನೆಗೆ ಹೋದೆ. ಆಮೇಲೆ ಆ ಇದ್ದಲಿನ ಮೂಟೆ ಇಟ್ಟೆ. ಅದನ್ನೂ ತಡೆದುಕೊಳ್ಳಲಾಗದೆ ಊರಿಗೆ ಬಂದುಬಿಟ್ಟೆ.

ಕಿವಿ ಹೋದಾಗ ಒಳ್ಳೆಯದಾಯಿತು ಎಂದುಕೊಂಡೆ. ಎಲ್ಲ ಸದ್ದೂ ಹೋಯಿತು, ಆ ಕೆಮ್ಮೊಂದು ಉಳಿಯಿತು. ಮಗು ಕೆಮ್ಮುವಾಗ ನನಗೆ ಏನೂ ಆಗುವುದಿಲ್ಲ. ಅದು ನಿಲ್ಲುತ್ತದಲ್ಲ, ಆಗ ಎದ್ದು ಕೂರುತ್ತೇನೆ.

ಮಾರ್ಚಿನ ಕಾಗದದಲ್ಲಿ ಎಲ್ಲರನ್ನು ಕೇಳಿದ ಹಾಗೆ ನಿಮ್ಮನ್ನೂ ಕೇಳಿದೆ. ಏನೂ ತಿಳಿಸದೆ ಹಕ್ಕು ಬಿಡಿಸಿಕೊಂಡು ಹೋಗಿಬಿಡೋಣ ಎಂದುಕೊಂಡಿದ್ದೆ. ನೀವು ನೂರು ಸಲ ಹಲಾಲ್ ಎಂದು ಬರೆದಿರಿ. ಅದು ಕದ್ದ ಹಲಾಲ್. ಅದನ್ನು ಇಟ್ಟುಕೊಂಡು ನಾನು ಎಲ್ಲಿಗೂ ಹೋಗಲಾರೆ.

ಈಗ ತಿಳಿಸಿದ್ದೇನೆ.

ರಫೆತ್


ಜೊಂಗುಲ್ದಾಕ್
21 ಜೂನ್ 2018

ಸಬಾಹತ್ ತಂಗಿಗೆ,

ರಂಜಾನ್ ಬಂತು, ಹೋಯಿತು. ಹಬ್ಬದ ಮೂರೂ ದಿನ ಬಾಗಿಲ ಬಳಿ ಕೂತಿದ್ದೆ. ಅಂಚೆಯವನು ಬಂದರೆ ನನಗೆ ಕೇಳಿಸುವುದಿಲ್ಲವಲ್ಲ, ಅದಕ್ಕೆ. ಸೊಸೆ, "ಹಬ್ಬದಲ್ಲಿ ಅಂಚೆ ಇರಲ್ಲ ಮಾವಾ, ಒಳಗ್ ಬನ್ನಿ" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು.

ಹಜ್‌ನ ಜಾಗವನ್ನು ಬಿಟ್ಟುಕೊಟ್ಟೆ. ಪಟ್ಟಿಯಲ್ಲಿ ನನ್ನ ಹಿಂದಿದ್ದವರು ಹೋಗುತ್ತಾರೆ. ಯಾಕೆ ಎಂದು ಬೆಕಿರ್ ಮೂರು ದಿನ ಜಗಳವಾಡಿದ. ಅವನಿಗೂ ಎಲ್ಲ ಬರೆದುಕೊಟ್ಟೆ. ಈಗ ಮನೆಯಲ್ಲಿ ಯಾರೂ ಜಗಳವಾಡುತ್ತಿಲ್ಲ, ಮಾತೂ ಆಡುತ್ತಿಲ್ಲ.

ನಗರಸಭೆಗೂ ಬರೆದಿದ್ದೇನೆ, ಫಲಕ ಬೇಡವೆಂದು. ನಿಮ್ಮಿಂದ ಉತ್ತರ ಬೇಕೆಂದು ಇದನ್ನು ಬರೆಯುತ್ತಿಲ್ಲ. ಇಲ್ಲ, ಸುಳ್ಳೇಕೆ? ಬೇಕೆಂದೇ ಬರೆಯುತ್ತಿದ್ದೇನೆ. ಬೈಗುಳವಾದರೂ ಸರಿ.

ರಫೆತ್


ಇಸ್ತಾಂಬುಲ್
18 ಜುಲೈ 2018

ರಫೆತ್,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ, ಬೇ ಎಂದು ಬರೆಯುವಷ್ಟು ದೂರವೂ ನೀವಲ್ಲ. ಹೆಸರು ಮಾತ್ರ ಬರೆದೆ.

ನಿಮ್ಮ ಮೇ ತಿಂಗಳ ಕಾಗದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಯಾವತ್ತೂ ಇರುವುದಿಲ್ಲ. ನಿಂತುಕೊಂಡೇ ಓದಿದೆ. ಮೊದಲು ಏನು ಬಂತು ಗೊತ್ತೇ? ಸಿಟ್ಟಲ್ಲ, ಅಳುವಲ್ಲ. ಮೈ ಹಗುರವಾಯಿತು. ತಾಯಿಯಾದವಳಿಗೆ ಇಂಥ ಕಾಗದ ಓದಿ ಹಗುರವಾಗುತ್ತದೆಯೇ ಎಂದು ನಾಚಿಕೆಪಟ್ಟುಕೊಂಡು, ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಯಾಕೆ ಹಗುರವಾಯಿತು ಎಂದು ಈಗ ಹೇಳುತ್ತೇನೆ. ಇದನ್ನು ನಾನು ಜೀವ ಇರುವ ಯಾರಿಗೂ ಹೇಳಿಲ್ಲ.

ಆ ಹಿಂದಿನ ರಾತ್ರಿ ಮಗು ಒಂದು ಗಳಿಗೆ ಮಲಗಿರಲಿಲ್ಲ. ನಿದ್ದೆ ಬರಲೆಂದು ಅಫೀಮಿನ ಗಸಗಸೆ ಕಾಯಿ ಕುದಿಸಿ ಆ ನೀರನ್ನು ಒಂದು ಚಮಚ ಕುಡಿಸಿದೆ. ನಮ್ಮ ಕಡೆ ಎಲ್ಲರೂ ಕೊಡುತ್ತಿದ್ದರು. ಬೆಳಿಗ್ಗೆ ಕಾರ್ಖಾನೆಯಲ್ಲಿ ಹಟ ಮಾಡದಿರಲಿ ಎಂದು ಇನ್ನೊಂದು ಚಮಚ ಕೊಟ್ಟೆ. ಸಂಜೆ ಅವಳು ಏಳದಿದ್ದಾಗ ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆ ಮೂಸಿ ನೋಡಿದಳು. ಹೊರಗೆ ಬಂದು ನನ್ನನ್ನು ನೋಡಿದಳು, ಅಷ್ಟೇ. ಡಾಕ್ಟರು ನಾಯಿಕೆಮ್ಮು ಎಂದು ಬರೆದುಕೊಟ್ಟು ಹೋದರು. ಆದರೆ ಮನೆಯಲ್ಲಿ, ಅತ್ತೆಯ ಬಾಯಿಂದ ಬೀದಿಯಲ್ಲೂ ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು, ಕೊಂದದ್ದು ನಾನೆಂದು. ನನಗೂ ಗೊತ್ತಾಗಿಬಿಟ್ಟಿತ್ತು.

ನೆಜಾತಿ ಒಂದು ದಿನವೂ ಆ ಮಾತೆತ್ತಲಿಲ್ಲ. ಬೇರೆ ಮಾತನ್ನೂ ಹೆಚ್ಚು ಆಡಲಿಲ್ಲ. ಇನ್ನೊಂದು ಮಗುವನ್ನು ನನ್ನ ಕೈಗೆ ಕೊಡಲು ನಾನೇ ಒಪ್ಪಲಿಲ್ಲ. ಅತ್ತೆ ಸಾಯುವಾಗ ಮೂರು ತಿಂಗಳು ಅವಳ ಮೈ ತೊಳೆದವಳು ನಾನು. ಕೊನೆಯ ದಿನ ಅವಳ ಕೈ ಹಿಡಿದು ಹಲಾಲ್ ಮಾಡಿ ಅತ್ತೆ ಎಂದು ಕೇಳಿದೆ. "ಮಗೂದೊಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಹಲಾಲ್" ಎಂದಳು. ಕಣ್ಣು ಮುಚ್ಚಿದಳು. ಬೀದಿಯ ಹೆಂಗಸರು ಸುತ್ತ ಕೂತು ಕೇಳಿಸಿಕೊಂಡರು. ಅವರಲ್ಲಿ ಮೂವರು ಇನ್ನೂ ಬದುಕಿದ್ದಾರೆ.

ಈಗ ಸಿಟ್ಟಿನ ಮಾತು. ಹಗುರವಾದ ಮೈಗೆ ಅದು ಮಾರನೆಯ ದಿನ ಬಂತು, ಇನ್ನೂ ಹೋಗಿಲ್ಲ. ನನ್ನ ಬೀಗದ ಕೈ ಐವತ್ತನಾಲ್ಕು ವರ್ಷ ನಿಮ್ಮ ಜೇಬಿನಲ್ಲಿತ್ತು. ನೀವು ಅದನ್ನು ಜೇಬಿನಲ್ಲಿಟ್ಟುಕೊಂಡೇ ನನ್ನ ಹೊಸ್ತಿಲಿಗೆ ಇದ್ದಲಿನ ಮೂಟೆ ತಂದಿಟ್ಟಿರಿ. ಒಂದು ಚೀಟಿ ಬರೆದು ಮೂಟೆಯೊಳಗೆ ಹಾಕಿದ್ದರೆ ಆಗುತ್ತಿತ್ತು. ಹೆಸರು ಬೇಡ, "ಅದು ಗ್ಯಾಸು" ಎಂದು ಎರಡು ಪದ. ನನಗೆ ಗಂಡ ಇರುತ್ತಿದ್ದ, ಮಕ್ಕಳಿರುತ್ತಿದ್ದರು. ಮುದುಕಾ, ನಿಮಗೆ ಇದು ತಿಳಿದಿರಲಿಲ್ಲ ಎಂದು ನಾನು ಬಲ್ಲೆ. ಆದರೆ ಸಿಟ್ಟು ಅದನ್ನು ಕೇಳುವುದಿಲ್ಲ.

ನಿಮ್ಮ ಕಾಗದವನ್ನು ಇಪೆಕ್‌ಗೆ ಕೊಟ್ಟೆ. ಓದಿ ಮಡಿಸಿಟ್ಟಳು. "ಚಿಕ್ಕಮ್ಮಾ, ಇದು ಮಕ್ಕಳ ಜಾಗ. ಗೋಡೆ ಮೇಲೆ ಇದನ್ನ ಬರೆಯೋಕ್ಕಾಗಲ್ಲ ಅಂತಾರೆ ಕಮಿಟಿಯೋರು" ಎಂದಳು. "ಸೆವಿಮ್ ಮಗು ಅಲ್ವೇನೇ?" ಎಂದೆ. ವಾರದ ಮೇಲೆ ಬಂದಳು. ಗ್ರಂಥಾಲಯಕ್ಕೆ ಈಗ ಸೆವಿಮ್‌ಳ ಹೆಸರು. ಕೆಳಗೆ ಏನೂ ಬರೆದಿಲ್ಲ, ಒಂದು ಸಾಲಿನ ಜಾಗ ಖಾಲಿ ಬಿಟ್ಟಿದ್ದಾರೆ. ಏನು ಬರೆಯಬೇಕೆಂದು ನಾನು ಹೇಳಬೇಕಂತೆ.

ಮಧ್ಯಾಹ್ನ ಈಗಲೂ ಸೋಸುಮನೆಗೆ ಹೋಗಿ ಕೂರುತ್ತೇನೆ. ಕೆಮ್ಮು ಬರುತ್ತದೆ. ಬರಲಿ ಎಂದೇ ಕಾಯುತ್ತೇನೆ. ಕೆಮ್ಮುವ ಮಗು ಬದುಕಿರುತ್ತದೆ.

ಹಲಾಲ್ ವಿಷಯ. ಏಪ್ರಿಲ್‌ನಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಈಗ ತಿಳಿದು ಕೊಡುತ್ತೇನೆ. ಆ ಕಾಲು ಗಂಟೆ ಹಲಾಲ್. ಕರುಣೆಯಿಂದ ಬಾಗಿಲು ತೆರೆದಿರಿ, ಹೆದರಿ ಚಹಾ ಕುಡಿದಿರಿ, ಮನುಷ್ಯರು. ಎಬ್ಬಿಸಬೇಡಿ ಎಂದಿರಲ್ಲ, ಅದರ ಹಕ್ಕು ಸೆವಿಮ್‌ಳದು. ಅದನ್ನು ನಾನು ಕೊಡಲಾರೆ, ಅವಳನ್ನೇ ಕೇಳಿ. ಉಳಿದ ಐವತ್ತನಾಲ್ಕು ವರ್ಷ ನನ್ನದು. ಅದನ್ನು ಕಾಗದದಲ್ಲಿ ಕೊಡುವುದಿಲ್ಲ.

ಸೆಪ್ಟೆಂಬರ್ 5ಕ್ಕೆ ಬಾಗಿಲು ತೆರೆಯುತ್ತಾರೆ. ಬುಧವಾರ. ಆ ಮೂವರು ಮುದುಕಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ನೀವು ಬಂದು ಅವರ ಮುಂದೆ ನಿಂತು, ನನಗೆ ಬರೆದದ್ದನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಏನು ಮಾಡುತ್ತೇನೋ ನನಗೇ ತಿಳಿಯದು. ಬರದಿದ್ದರೆ ಇದೇ ಕೊನೆಯ ಕಾಗದ.

ಸಬಾಹತ್


ಜೊಂಗುಲ್ದಾಕ್
27 ಜುಲೈ 2018

ಸಬಾಹತ್ ತಂಗಿಗೆ,

ಗಸಗಸೆಯ ಮಾತು ಓದಿದೆ. ಒಬ್ಬಳನ್ನು ಕೊಂದೆ ಎಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಇಬ್ಬರಂತೆ.

ಬರುತ್ತೇನೆ. ಬೆಕಿರ್ ಕರೆದುಕೊಂಡು ಬರುತ್ತಾನೆ. ನಿಮ್ಮ ಕಾಗದ ಅವನಿಗೆ ತೋರಿಸಿದೆ, ಒಂದು ತಿಂಗಳಿಂದ ಮಾತು ಬಿಟ್ಟಿದ್ದವನು ಸ್ಲೇಟು ತೆಗೆದುಕೊಂಡು "ನಾನೂ ಬರ್ತೀನಿ ಅಪ್ಪಾ" ಎಂದು ಬರೆದ. ನನ್ನ ದನಿ ನನಗೇ ಕೇಳಿಸುವುದಿಲ್ಲ, ಎಷ್ಟು ಜೋರಾಗಿ ಹೇಳುತ್ತಿದ್ದೇನೆಂದು ಗೊತ್ತಾಗುವುದಿಲ್ಲ. ಹಿಂದಿನ ಸಾಲಿನವರಿಗೆ ಕೇಳದಿದ್ದರೆ ನೀವು ಕೈಯೆತ್ತಿ. ಮತ್ತೆ ಮೊದಲಿನಿಂದ ಹೇಳುತ್ತೇನೆ.

ಆ ಖಾಲಿ ಸಾಲಿನಲ್ಲಿ ನನ್ನನ್ನು ಕೇಳದೆ ಏನು ಬೇಕಾದರೂ ಬರೆಸಿ.

ಒಂದೇ ಒಂದು ಕೋರಿಕೆ. ದೊಡ್ಡ ಗೇಟಿನಿಂದ ನಾನು ಬರುವುದಿಲ್ಲ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಹಿಂದುಗಡೆಯ ಕೋಕ್ ಗೇಟಿನ ಹೊರಗೆ ನಿಂತಿರುತ್ತೇನೆ. ಅದು ಇನ್ನೂ ಇದ್ದರೆ ಅದರ ಚಿಲಕ ಒಳಗಡೆಯಿದೆ. ಆ ದಿನ ನೀವು ಹೊರಗಿದ್ದಿರಿ, ತೆಗೆದವನು ನಾನು. ಈ ಸಲ ನೀವು ಒಳಗಿರಿ. ತೆಗೆದರೆ ಬರುತ್ತೇನೆ. ತೆಗೆಯದಿದ್ದರೆ ಅಲ್ಲೇ ಬೀದಿಯಲ್ಲಿ ನಿಂತು, ಬಂದವರೆಲ್ಲರಿಗೂ ಕೇಳುವ ಹಾಗೆ ಹೇಳಿ ಹೋಗುತ್ತೇನೆ.

ರಫೆತ್